ಸತ್ತ ನವಿಲಿನ ಮೆದುಳಿನಿಂದ ವಿಷದ ಗುಂಪನ್ನು ಹಿಡಿದ ಬಗೆ: ನನ್ನ ಅನುಭವ

2023ರ ಜುಲೈನಲ್ಲಿ ಶಿಗ್ಗಾವಿ ತಾಲ್ಲೂಕಿನ ಗೋವಿನಜೋಳದ ಹೊಲವೊಂದರಿಂದ ಬಂದ ಹೆಣ್ಣು ನವಿಲಿನ ಮೆದುಳನ್ನು ಅರೆದು ಬಣ್ಣ ಅಳೆಯುವ ಕಲರಿಮೀಟರಿನಲ್ಲಿ ಇಟ್ಟಾಗ, 10 ನಿಮಿಷ ಕಾದರೂ ಕ್ಯೂವೆಟ್ಟಿನಲ್ಲಿ, ಅಂದರೆ ದ್ರವ ಹಾಕುವ ಚಿಕ್ಕ ನಳಿಕೆಯಲ್ಲಿ, ಹಳದಿ ಏರಲಿಲ್ಲ. ಹಳದಿ ಏರಿದರೆ ಮೆದುಳಿನ ಕೋಲಿನೆಸ್ಟರೇಸ್ ಎಂಬ ನರದ ಕಿಣ್ವ ಕೆಲಸ ಮಾಡುತ್ತಿದೆ ಎಂದರ್ಥ, ಏರದಿದ್ದರೆ ಅದನ್ನು ವಿಷ ಹಿಡಿದಿಟ್ಟಿದೆ ಅಥವಾ ಅದು ಕೊಳೆತಿದೆ ಎಂದರ್ಥ. ಅದೇ ದ್ರವದ ಇನ್ನೊಂದು ಪಾಲನ್ನು ಬೆಚ್ಚನೆಯ ನೀರಿನಲ್ಲಿ ಇಟ್ಟು ಸಂಜೆ ಮತ್ತೆ ಓದಿದಾಗ 3 ನಿಮಿಷದಲ್ಲೇ ಬಣ್ಣ ಬಂತು. ಮರುದಿನ ಬೆಳಿಗ್ಗೆ ಪಶುವೈದ್ಯರಿಗೆ ಫೋನ್ ಮಾಡಿ, ಇದು ಕಾರ್ಬಮೇಟ್ ಎಂಬ ಕೀಟನಾಶಕಗಳ ಗುಂಪಿನ ವಿಷ, ಬಹುಶಃ ಜೋಳದ ಸುಳಿಗೆ ಹಾಕುವ ಪಾಷಾಣ ಎಂದು ತಿಳಿಸಿದೆ. ಅವರು ಒಪ್ಪಲಿಲ್ಲ, ತಳ್ಳಿಹಾಕಲೂ ಇಲ್ಲ. ಎರಡು ತಿಂಗಳು ಕಳೆದು ದೊಡ್ಡ ಪ್ರಯೋಗಾಲಯದಿಂದ ವರದಿ ಬಂದಾಗ ಅದರಲ್ಲಿ ಆ ಗುಂಪಿನ ಥಯೋಡಿಕಾರ್ಬ್ ಇತ್ತು, ಅದು ಒಡೆದಾಗ ಹುಟ್ಟುವ ಮೆಥೋಮಿಲ್ ಕೂಡ ಇತ್ತು. ನಾಲ್ಕು ವರ್ಷ ಯಾರೂ ನಂಬದಿದ್ದ ಕೆಲಸ ಅಂದು ಸರಿಯೆಂದು ಸಾಬೀತಾಯಿತು. ಇದನ್ನು ಬರೆಯುವುದಕ್ಕೆ ಅದೇ ಕಾರಣ.

ನಾನು ಹಾವೇರಿಯ ಪದವಿ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತೇನೆ. ಕೋಲಿನೆಸ್ಟರೇಸ್ ಅಳೆಯುವ ವಿಧಾನವನ್ನು 1961ರಲ್ಲಿ ಎಲ್ಮನ್ ಮತ್ತು ಸಂಗಡಿಗರು ಪ್ರಕಟಿಸಿದಂದಿನಿಂದ ಅದನ್ನು ಮಾಡದ ಜೀವರಸಾಯನ ಪ್ರಯೋಗಶಾಲೆ ಇಲ್ಲ, ಆದ್ದರಿಂದ ಅದರ ಹಂತಗಳನ್ನು ಇಲ್ಲಿ ವಿವರಿಸುವುದಿಲ್ಲ. ನನ್ನ ಹಿರಿಯರ ಸಂಶಯ ವಿಧಾನದ ಬಗ್ಗೆ ಇರಲಿಲ್ಲ, ಹಾವೇರಿಯ ಬಗ್ಗೆ ಇತ್ತು. ಎರಡು ದಿನ ಹೊಲದಲ್ಲಿ ಬಿದ್ದ ಹೆಣದಲ್ಲಿ ಕಿಣ್ವ ತಾನಾಗಿಯೇ ಕೊಳೆತಿರುತ್ತದೆ, ಕಡಿಮೆ ಬಂದ ಅಂಕಿ ವಿಷದ್ದೋ ಬಿಸಿಲಿನದ್ದೋ ಎಂದು ಹೇಗೆ ಹೇಳುತ್ತೀಯಾ ಎಂದು ಒಬ್ಬರು ಕೇಳಿದರು. ಜಾತಿಯಿಂದ ಜಾತಿಗೆ ಮೆದುಳಿನ ಸಹಜ ಮಟ್ಟವೇ ಬೇರೆಯಾಗಿರುವಾಗ ಆರೋಗ್ಯವಂತ ನವಿಲುಗಳ ಮೆದುಳನ್ನು ಹೋಲಿಕೆಗೆ ಎಲ್ಲಿಂದ ತರುತ್ತೀಯಾ ಎಂದು ಇನ್ನೊಬ್ಬರು ಕೇಳಿದರು. ಎರಡೂ ನ್ಯಾಯವಾದ ಪ್ರಶ್ನೆಗಳೇ. ಎರಡಕ್ಕೂ ಉತ್ತರ ಒಂದೇ ಎಂಬುದು ನನಗೆ ತಡವಾಗಿ ಹೊಳೆಯಿತು: ನವಿಲಿನ ಮೆದುಳನ್ನು ಇನ್ನೊಂದು ನವಿಲಿನ ಮೆದುಳಿಗೆ ಹೋಲಿಸಬೇಕಾಗಿಲ್ಲ, ಅದನ್ನು ಅದಕ್ಕೇ ಹೋಲಿಸಿದರೆ ಸಾಕು. ವಿಷ ಹಿಡಿದಿಟ್ಟ ಕಿಣ್ವವನ್ನು ಬಿಡಿಸಲು ಬರುತ್ತದೆ, ಕೊಳೆತ ಕಿಣ್ವವನ್ನು ಯಾವುದರಿಂದಲೂ ಎಬ್ಬಿಸಲು ಬರುವುದಿಲ್ಲ. ಬಿಡಿಸುವ ಪ್ರಯತ್ನದ ಮೊದಲು ಒಂದು ಸಲ, ನಂತರ ಒಂದು ಸಲ ಓದಿದರೆ ವ್ಯತ್ಯಾಸವೇ ಸಾಕ್ಷಿ. ಬೆಚ್ಚಗೆ ಇಟ್ಟಷ್ಟಕ್ಕೇ ಎದ್ದರೆ ಕಾರ್ಬಮೇಟ್, ಪ್ರಾಲಿಡಾಕ್ಸಿಮ್ ಎಂಬ ಪ್ರತಿವಿಷ ಹಾಕಿದ ಮೇಲೆ ಎದ್ದರೆ ಆರ್ಗನೋಫಾಸ್ಫೇಟ್ ಎಂಬ ಇನ್ನೊಂದು ಕೀಟನಾಶಕ ಗುಂಪು. ಇದು ನನ್ನ ಆವಿಷ್ಕಾರವಲ್ಲ, ಹೊರದೇಶಗಳ ವನ್ಯಜೀವಿ ಪ್ರಯೋಗಶಾಲೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಪರೀಕ್ಷೆ. ಅದನ್ನು ಫಿಲ್ಟರ್ ಕಲರಿಮೀಟರ್, ಮೀನು ಮಾರುವವರ ಐಸ್ ಮತ್ತು ಔಷಧದಂಗಡಿಯ ಇಂಜೆಕ್ಷನ್ ಇಟ್ಟುಕೊಂಡು ನಮ್ಮ ಊರಿನಲ್ಲಿ ನಡೆಸಿ ತೋರಿಸಿದ್ದು ಮಾತ್ರ ನನ್ನದು.

ಕೆಲಸ ಶುರುವಾದದ್ದು 2019ರ ಮುಂಗಾರಿನಲ್ಲಿ. ಅದರ ಹಿಂದಿನ ವರ್ಷವಷ್ಟೇ ಫಾಲ್ ಸೈನಿಕ ಹುಳು ಕರ್ನಾಟಕದಲ್ಲಿ ಮೊದಲ ಬಾರಿಗೆ ಕಾಣಿಸಿಕೊಂಡಿತ್ತು, ಗೋವಿನಜೋಳವನ್ನೇ ನಂಬಿದ ಹಾವೇರಿ ಜಿಲ್ಲೆಯ ರೈತರು ಕಂಗಾಲಾಗಿದ್ದರು. 10 ಕಿಲೋ ಅಕ್ಕಿ ತೌಡಿಗೆ 2 ಕಿಲೋ ಬೆಲ್ಲದ ನೀರು ಕಲಸಿ ಒಂದು ದಿನ ಹುಳಿಯಲು ಬಿಟ್ಟು, ಅದಕ್ಕೆ 100 ಗ್ರಾಂ ಥಯೋಡಿಕಾರ್ಬ್ ಬೆರೆಸಿ, ಸಣ್ಣ ಉಂಡೆ ಮಾಡಿ ಪ್ರತಿ ಸುಳಿಯೊಳಗೆ ಹಾಕುವ ಪಾಷಾಣವನ್ನು ಊರೂರಿಗೂ ಹೇಳಿಕೊಡಲಾಗಿತ್ತು. ಹುಳುವಿಗೆ ಅದು ಒಳ್ಳೆಯ ಮದ್ದೇ. ಆದರೆ ಬೆಲ್ಲದ ವಾಸನೆಯ ತೌಡು ನವಿಲಿಗೂ ಬೆಳವಕ್ಕೂ ರುಚಿಯೇ. ಬಂಕಾಪುರದ ಕೋಟೆಯೊಳಗೆ 2006ರಿಂದ ನವಿಲುಗಳಿಗೆ ರಕ್ಷಣೆ ಇದೆ, ಆದರೆ ಮೇಯಲು ಅವು ಕೋಟೆಯ ಹೊರಗಿನ ಹೊಲಗಳಿಗೇ ಬರಬೇಕು.

ಆ 2019ರಲ್ಲಿ ನವಿಲುಗಳು ಸತ್ತ ಮೊದಲ ಹೊಲಕ್ಕೆ ಅರಣ್ಯ ರಕ್ಷಕರ ಜೊತೆ ನಾನು ತಲುಪಿದಾಗ ಮಧ್ಯಾಹ್ನ 3 ಗಂಟೆ. ನಾಲ್ಕು ನವಿಲುಗಳು, ಎಣಿಸಿದಷ್ಟು 11 ಬೆಳವಗಳು, ಒಂದು ಗೌಜಲಕ್ಕಿ. ಗಂಡು ನವಿಲಿನ ಕಾಲ್ಬೆರಳುಗಳು ಮುಷ್ಟಿಯಂತೆ ಒಳಕ್ಕೆ ಮಡಚಿಕೊಂಡಿದ್ದವು, ಕೊಕ್ಕಿನಿಂದ ಇಳಿದ ಜೊಲ್ಲು ಕೆಂಪು ಮಣ್ಣಿನ ಮೇಲೆ ಒಣಗಿ ಮಿನುಗುವ ಗೆರೆಯಾಗಿತ್ತು, ಕೊಕ್ಕಿನ ಅಂಚಿನಲ್ಲಿ ತೌಡು ಅಂಟಿತ್ತು. ಹೊಲದ ಯಜಮಾನರು ಬದುವಿನ ಮೇಲೆ ಕುಳಿತಿದ್ದವರು ಏಳಲೇ ಇಲ್ಲ. "ಸರ್ರ, ನಾ ಹಾಕಿದ್ದು ಲದ್ದಿ ಹುಳಕ್ಕರೀ. ನವಲಿಗೆ ಯಾವ ತಾಯಿ ಮಗ ವಿಷ ಹಾಕ್ತಾನ್ರೀ?" ಎಂದರು. ನವಿಲು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೇ ಅನುಸೂಚಿಯಲ್ಲಿರುವ ಹಕ್ಕಿ, ಹಾಗಾಗಿ ಅವರ ಮೇಲೆ ಪ್ರಕರಣವಾಗುವ ಹೆದರಿಕೆ ಅವರಿಗೆ ಇತ್ತು. ಅಂದು ಮಹಜರು ಮುಗಿದು, ಪಶುವೈದ್ಯರು ಶವಪರೀಕ್ಷೆ ಮಾಡಿ, ಒಳಾಂಗಗಳನ್ನು ಉಪ್ಪಿನ ದ್ರಾವಣದಲ್ಲಿ ಹಾಕಿ ಪ್ರಯೋಗಾಲಯವೊಂದಕ್ಕೆ ಕಳುಹಿಸಿದರು. ಐದು ತಿಂಗಳ ಮೇಲೆ ಬಂದ ಒಂದು ಹಾಳೆಯ ವರದಿಯಲ್ಲಿ ಯಾವುದೇ ವಿಷ ಪತ್ತೆಯಾಗಿಲ್ಲ ಎಂದಿತ್ತು. ನನ್ನ ಕಣ್ಣೆದುರೇ ತೌಡು ಅಂಟಿದ ಕೊಕ್ಕನ್ನು ಕಂಡಿದ್ದ ನನಗೆ ಆ ಹಾಳೆಯನ್ನು ಮಡಚಿಡಲು ಮನಸ್ಸಾಗಲಿಲ್ಲ.

ಮೊದಲ ಮೂರು ಮಾದರಿಗಳು ನನ್ನ ಕೈಗೆ ಬರುವಷ್ಟರಲ್ಲೇ ಕೆಟ್ಟಿದ್ದವು. ಒಂದು ಮೆದುಳನ್ನು ಶವಪರೀಕ್ಷೆಯ ರೂಢಿಯಂತೆ ಫಾರ್ಮಲಿನ್‌ನಲ್ಲಿ ಹಾಕಿ ಕೊಟ್ಟರು. ಫಾರ್ಮಲಿನ್ ಮುಟ್ಟಿದ ಕಿಣ್ವ ಮುಗಿದ ಹಾಗೆಯೇ. ಎರಡನೆಯದು ಉಪ್ಪಿನ ದ್ರಾವಣದಲ್ಲಿ ಬಂತು, ಮೂರನೆಯದು ಸ್ಪಿರಿಟ್ಟಿನಲ್ಲಿ. ತಪ್ಪು ಅವರದಲ್ಲ, ನಾನು ಮೊದಲೇ ಹೇಳಿರಲಿಲ್ಲ. ಆನಂತರ ನಾನು ತಾಲ್ಲೂಕಿನ ಎಲ್ಲ ಪಶುವೈದ್ಯರಿಗೂ ಒಂದು ಸಾಲಿನ ಚೀಟಿ ಬರೆದು ಕೊಟ್ಟೆ: ತಲೆಯನ್ನು ಇಡಿಯಾಗಿ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಐಸ್ ಮೇಲೆ ಇಡಿ, ಯಾವ ದ್ರವವನ್ನೂ ಹಾಕಬೇಡಿ. ಮೀನು ಮಾರುಕಟ್ಟೆಯಲ್ಲಿ ಬೆಳಿಗ್ಗೆ 20 ರೂಪಾಯಿ ಕೊಟ್ಟರೆ ಥರ್ಮಾಕೋಲ್ ಪೆಟ್ಟಿಗೆಗೆ ಸಾಲುವಷ್ಟು ಐಸ್ ಸಿಗುತ್ತದೆ. ಮೆದುಳನ್ನು ಬುರುಡೆ ಕೊಯ್ಯದೆ ಹಿಂಬದಿಯ ರಂಧ್ರದಿಂದ ತೆಗೆಯುವ ಒಂದು ಕೈಚಳಕವನ್ನು ಕಲಿತಿದ್ದೇನೆ. ಅದನ್ನು ಬರೆದು ತಿಳಿಸಲು ಆಗುವುದಿಲ್ಲ, ಬಂದವರಿಗೆ ತೋರಿಸುತ್ತೇನೆ.

2020ರಲ್ಲಿ ಕಾಲೇಜು ಮುಚ್ಚಿದ್ದ ತಿಂಗಳುಗಳಲ್ಲಿ ಬಿಸಿಲಿನ ಪ್ರಶ್ನೆಯನ್ನು ಕೈಗೆತ್ತಿಕೊಂಡೆ. ನವಿಲು ಮತ್ತು ಕೋಳಿ ಒಂದೇ ಕುಟುಂಬದ ಹಕ್ಕಿಗಳಾದ್ದರಿಂದ ಕೋಳಿ ಅಂಗಡಿಯಿಂದ ಜವಾರಿ ಕೋಳಿಯ ತಲೆಗಳನ್ನು ತಂದೆ. ಒಟ್ಟು 60ರ ಆಸುಪಾಸು ಇದ್ದವು, ತಲೆಗೆ 5 ರೂಪಾಯಿ. ಕೆಲವನ್ನು ಮಾಳಿಗೆಯ ಮೇಲೆ ಬಿಸಿಲಿಗೆ, ಕೆಲವನ್ನು ಬೇವಿನ ಮರದ ನೆರಳಿಗೆ, ಕೆಲವನ್ನು ಐಸ್ ಮೇಲೆ ಇಟ್ಟು 6, 24, 48, 72 ಗಂಟೆಗಳಿಗೆ ಓದಿದೆ. ನಾಯಿ, ಕಾಗೆ ಬಾರದಂತೆ ತಲೆಗಳಿಗೆ ಕಬ್ಬಿಣದ ಬುಟ್ಟಿ ಮುಚ್ಚಿದ್ದೆ. ಐಸ್ ಮೇಲಿನವು ಮೂರು ದಿನವೂ ಹೆಚ್ಚುಕಡಿಮೆ ಮೊದಲಿನಂತೆಯೇ ಇದ್ದವು. ಮಳೆಗಾಲದ ನೆರಳಿನಲ್ಲಿದ್ದವು ಒಂದು ದಿನ ಕಳೆದರೂ ಹತ್ತರಲ್ಲಿ ಒಂಬತ್ತು ಪಾಲು ಉಳಿಸಿಕೊಂಡಿದ್ದವು. ಮೇ ತಿಂಗಳ ಮಾಳಿಗೆಯ ಮೇಲೆ ಎರಡು ದಿನ ಇದ್ದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಹೋಗಿತ್ತು. ಹಿರಿಯರ ಸಂಶಯ ಮೇ ತಿಂಗಳಿಗೆ ಸರಿ, ಆದರೆ ನಮ್ಮಲ್ಲಿ ಹಕ್ಕಿಗಳು ಹೆಚ್ಚಾಗಿ ಸಾಯುವುದು ಬಿತ್ತನೆಯ ಜೂನ್‌ನಲ್ಲಿ ಮತ್ತು ಪಾಷಾಣ ಹಾಕುವ ಜುಲೈನಲ್ಲಿ. ಈ ಒಂದು ವಿಷಯವನ್ನು ಕೂತು ವಾದಿಸುವ ಬದಲು ಅಳೆದು ನೋಡಿದ್ದಕ್ಕೆ ನನಗೆ ಈಗಲೂ ಸಮಾಧಾನವಿದೆ.

ಮುಂದಿನ ಹೆಜ್ಜೆಯಲ್ಲಿ ಎರಡು ತಿಂಗಳು ಕಳೆದುಕೊಂಡೆ. ಕೋಳಿಯ ಮೆದುಳಿನ ದ್ರವಕ್ಕೆ ನಾನೇ ಕೀಟನಾಶಕ ಸೇರಿಸಿ, ಕಿಣ್ವ ಕುಸಿಯುವುದನ್ನೂ ಮತ್ತೆ ಏಳುವುದನ್ನೂ ನೋಡಬೇಕು ಎಂದುಕೊಂಡೆ. ಕಾರ್ಬಮೇಟ್ ಗುಂಪಿನ ಕಾರ್ಬೋಫ್ಯುರಾನ್ ಸೇರಿಸಿದಾಗ ಕುಸಿಯಿತು. ಆರ್ಗನೋಫಾಸ್ಫೇಟ್ ಗುಂಪಿನ ಮೊನೋಕ್ರೋಟೋಫಾಸ್ ಸೇರಿಸಿದಾಗಲೂ ಕುಸಿಯಿತು. ಅದೇ ಗುಂಪಿನ ಫೋರೇಟ್ ಎಷ್ಟು ಸೇರಿಸಿದರೂ ಏನೂ ಆಗಲಿಲ್ಲ. ಹಳೆಯದಾಗಿ ಸತ್ವ ಹೋಗಿದೆ ಎಂದು ಬೇರೆ ಮಾದರಿ ತರಿಸಿದೆ, ಪಿಎಚ್ ಬದಲಿಸಿದೆ, ಕಾಯುವ ಸಮಯ ಹೆಚ್ಚಿಸಿದೆ, ಮತ್ತೂ ಆಗಲಿಲ್ಲ. ರಸಾಯನಶಾಸ್ತ್ರದ ನನ್ನ ಸಹೋದ್ಯೋಗಿ ಚಹಾ ಕುಡಿಯುತ್ತ ಸೂತ್ರವನ್ನು ನೋಡಿ, ರಂಜಕಕ್ಕೆ ಅಂಟಿರುವುದು ಗಂಧಕವಲ್ಲವೇ, ಯಕೃತ್ತಿನಲ್ಲಿ ಅದರ ಜಾಗಕ್ಕೆ ಆಮ್ಲಜನಕ ಬಂದ ಮೇಲಲ್ಲವೇ ಕಿಣ್ವವನ್ನು ಕಚ್ಚುವುದು ಎಂದರು. ಮೆದುಳಿನ ದ್ರವದಲ್ಲಿ ಯಕೃತ್ತು ಇಲ್ಲ. ಬ್ರೋಮಿನ್ ನೀರಿನ ಒಂದೆರಡು ಹನಿ ಹಾಕಿ, ಉಳಿದ ಬ್ರೋಮಿನ್ ತೆಗೆದು, ಆಮೇಲೆ ಸೇರಿಸಿದಾಗ ಕಿಣ್ವ ಅರ್ಧ ಗಂಟೆಯೊಳಗೆ ಮಲಗಿತು. ಪುಸ್ತಕದಲ್ಲಿ ನಾನೇ ಹತ್ತು ವರ್ಷ ಪಾಠ ಮಾಡಿದ ವಿಷಯ ಅದು.

ಅತಿ ದೊಡ್ಡ ಪೆಟ್ಟು ಪ್ರಾಲಿಡಾಕ್ಸಿಮ್‌ನಿಂದ ಬಿತ್ತು. ರಸಾಯನಗಳ ಪಟ್ಟಿಯಲ್ಲಿ ಅದರ ಬೆಲೆ ನೋಡಿ ಕೈಬಿಡುವವನಿದ್ದೆ. ಆದರೆ ಎಣ್ಣೆ ಕುಡಿದವರನ್ನು, ಅಂದರೆ ಹೊಲಕ್ಕೆ ಹೊಡೆಯುವ ಕೀಟನಾಶಕ ಕುಡಿದವರನ್ನು, ಆಸ್ಪತ್ರೆಗೆ ತಂದಾಗ ವೈದ್ಯರು ಕೊಡುವ ಪ್ಯಾಮ್ ಇಂಜೆಕ್ಷನ್ ಎಂದರೆ ಇದೇ ಎಂಬುದು ನೆನಪಾಯಿತು. ನಮ್ಮ ಭಾಗದ ಔಷಧದಂಗಡಿಗಳಲ್ಲಿ ಅದು ದುಃಖಕರವಾಗಿ ಸದಾ ಸಿಗುವ ವಸ್ತು. ಪಶುವೈದ್ಯರು ಚೀಟಿ ಬರೆದುಕೊಟ್ಟರು, ಕೆಲವು ನೂರು ರೂಪಾಯಿಗೆ ಒಂದು ವರ್ಷಕ್ಕೆ ಆಗುವಷ್ಟು ಬಂತು. ಹಾಕಿ ನೋಡಿದರೆ ಪ್ರತಿಯೊಂದು ಮಾದರಿಯಲ್ಲೂ ಬಣ್ಣ ಏರಿತು. ಸತ್ತ ನವಿಲು, ಹೆದ್ದಾರಿಯಲ್ಲಿ ಲಾರಿಗೆ ಸಿಕ್ಕಿದ ನವಿಲು, ಅಂಗಡಿಯ ಕೋಳಿ, ಎಲ್ಲವೂ ಆರ್ಗನೋಫಾಸ್ಫೇಟ್ ಎಂದು ಹೇಳುತ್ತಿದ್ದವು. 2022ರ ಜನವರಿಯಿಂದ ಏಪ್ರಿಲ್‌ವರೆಗಿನ ನನ್ನ ವಹಿಯ ಅಂಕಿಗಳೆಲ್ಲ ಹೀಗೆ ಸುಳ್ಳು. ಕೊನೆಗೆ ಒಂದು ರಾತ್ರಿ ಮೆದುಳನ್ನೇ ಹಾಕದೆ, ಪಿಎಚ್ ಕಾಯುವ ಬಫರ್, ಹಳದಿ ಬಣ್ಣ ಕೊಡುವ ಡಿಟಿಎನ್‌ಬಿ, ಕಿಣ್ವ ಸೀಳಬೇಕಾದ ಅಸಿಟೈಲ್‌ಥಯೋಕೋಲಿನ್ ಮತ್ತು ಪ್ಯಾಮ್ ಮಾತ್ರ ಇಟ್ಟು ಓದಿದೆ. ಹಳದಿ ಏರಿತು. ಪ್ಯಾಮ್ ತಾನೇ ಅಸಿಟೈಲ್‌ಥಯೋಕೋಲಿನ್ ಅನ್ನು ಸೀಳುತ್ತದೆ, ಕಿಣ್ವ ಬೇಕಾಗಿಯೇ ಇಲ್ಲ. ಅಂದಿನಿಂದ ಪ್ರತಿ ಮಾದರಿಗೂ ಮೆದುಳಿಲ್ಲದ ಪ್ಯಾಮ್ ಬ್ಲ್ಯಾಂಕ್ ಒಂದನ್ನು ಓದಿ ಕಳೆಯುತ್ತೇನೆ, ಮತ್ತು ಪ್ಯಾಮ್ ಕೆಲಸ ಮಾಡಿದ ಮೇಲೆ ದ್ರವವನ್ನು ತೆಳುವಾಗಿಸಿಯೇ ಪರೀಕ್ಷೆಗೆ ಒಯ್ಯುತ್ತೇನೆ. ಎಷ್ಟು ತೆಳುವಾಗಿಸಬೇಕು, ಎಷ್ಟು ಹೊತ್ತು ಬಿಡಬೇಕು ಎಂಬ ಎರಡು ಅಂಕಿಗಳನ್ನು ನನ್ನ ಬಳಿಯೇ ಇಟ್ಟುಕೊಂಡಿದ್ದೇನೆ, ನನ್ನ ವಿದ್ಯಾರ್ಥಿನಿಯ ಪ್ರಬಂಧ ಮುಗಿದ ಮೇಲೆ ಅವಳೇ ಅವನ್ನು ಬರೆಯುವುದು ನ್ಯಾಯ.

ಚಿಕ್ಕ ತೊಂದರೆಗಳು ಹಲವು ಇದ್ದವು, ಆದರೆ ಅವುಗಳಲ್ಲಿ ಒಂದನ್ನು ಹೇಳಲೇಬೇಕು. ನಮ್ಮ ಕಲರಿಮೀಟರಿನಲ್ಲಿ ಎಲ್ಮನ್ ವಿಧಾನ ಕೇಳುವ 412ರ ಬದಲು 420 ನ್ಯಾನೋಮೀಟರ್ ತರಂಗದ ಬೆಳಕಿನ ಫಿಲ್ಟರ್ ಇದೆ, ಹಳದಿ ಓದಲು ಅದರಿಂದ ಏನೂ ತೊಡಕಾಗಲಿಲ್ಲ. ತೊಡಕಾದದ್ದು ರಕ್ತ. ಹೀಮೋಗ್ಲೋಬಿನ್ ಬೆಳಕನ್ನು ಹೀರುವುದೂ ಅದೇ ಜಾಗದಲ್ಲಿ. ಹೋಲಿಕೆಗೆಂದು ನನಗೆ ಸಿಗುತ್ತಿದ್ದ ನವಿಲುಗಳು ಬಹುಪಾಲು 48ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ವಾಹನಕ್ಕೆ ಸಿಕ್ಕವು, ತಲೆಯೊಳಗೆ ರಕ್ತ ತುಂಬಿದವು. ಮೆದುಳನ್ನು ತಣ್ಣನೆಯ ಬಫರಿನಲ್ಲಿ ಎರಡು ಸಲ ತೊಳೆದು, ಕೆಂಪಾದ ಭಾಗವನ್ನು ಕತ್ತರಿಸಿ ಬಿಟ್ಟು, ಮುಂಭಾಗದಿಂದ ಮಾತ್ರ 100 ಮಿಲಿಗ್ರಾಂ ತೆಗೆದುಕೊಂಡ ಮೇಲೆ ಅಂಕಿಗಳು ಒಂದಕ್ಕೊಂದು ಹತ್ತಿರ ಬಂದವು. ಓದುವಾಗ ನೀರಿನ ತೊಟ್ಟಿಯನ್ನು ಐಸ್ ಚೂರು ಹಾಕುತ್ತ 25 ಡಿಗ್ರಿಯಲ್ಲೇ ನಿಲ್ಲಿಸುತ್ತೇನೆ, ಏಕೆಂದರೆ ಏಪ್ರಿಲ್‌ನ ಕೋಣೆಯ ಶಾಖದಲ್ಲಿ ಓದಿದ ಅಂಕಿಯನ್ನು ಆಗಸ್ಟ್‌ನ ಅಂಕಿಯ ಪಕ್ಕದಲ್ಲಿ ಇಡಲಾಗದು.

ದುಡ್ಡಿನ ಲೆಕ್ಕವನ್ನು ನೆನಪಿನಿಂದಲೇ ಕೊಡುತ್ತೇನೆ. ಡಿಟಿಎನ್‌ಬಿ ಮತ್ತು ಅಸಿಟೈಲ್‌ಥಯೋಕೋಲಿನ್ ಎರಡೂ ಸೇರಿ ನಾಲ್ಕು ವರ್ಷಕ್ಕೆ 11,000 ರೂಪಾಯಿಯ ಸುತ್ತ. ಕಲರಿಮೀಟರಿನ ದುರಸ್ತಿಗೆ 1,800. ಹಳೆಯ ಫ್ರೀಜರ್ 6,500. ಮೋಟಾರ್‌ಸೈಕಲ್ ಪೆಟ್ರೋಲಿಗೆ 14,000 ಆಗಿರಬಹುದು, ಹಾನಗಲ್ಲಿನಿಂದ ಬ್ಯಾಡಗಿಯವರೆಗೆ ಎಲ್ಲಿ ಹಕ್ಕಿ ಸತ್ತರೂ ಹೋಗಿದ್ದೇನೆ. ಎಲ್ಲಕ್ಕಿಂತ ಹೆಚ್ಚು ಹೋದದ್ದು ನನ್ನ ಉತ್ತರ ಸರಿಯೋ ಎಂದು ತಾಳೆ ನೋಡಲು ದೊಡ್ಡ ಪ್ರಯೋಗಾಲಯಕ್ಕೆ ಕಟ್ಟಿದ ಹಣ, ಮಾದರಿಗೆ 5,500ರಂತೆ ಏಳು ಮಾದರಿಗೆ 38,500. ಚಿಲ್ಲರೆ ಸೇರಿ 75,000 ಆಗಿದೆ, ಅದರಲ್ಲಿ ಕಾಲೇಜಿನಿಂದ ಬಂದದ್ದು 10,000. ಉಳಿದದ್ದು ಸಂಬಳದಿಂದ. ಮನೆಯವರು ಒಮ್ಮೆಯೂ ಬೇಡ ಎನ್ನಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕು. ವಿಧಾನ ಹಿಡಿತಕ್ಕೆ ಬಂದ ಮೇಲೆ ಒಂದು ಪರೀಕ್ಷೆಗೆ 90 ರೂಪಾಯಿಗಿಂತ ಹೆಚ್ಚು ತಗಲುವುದಿಲ್ಲ. 2022ರ ಮೇ ತಿಂಗಳಲ್ಲಿ ಗಾಳಿಮಳೆಗೆ ಎರಡು ದಿನ ಕರೆಂಟ್ ಹೋಗಿ, ರಜೆಯಾದ್ದರಿಂದ ಯಾರೂ ನೋಡದೆ, ಫ್ರೀಜರಿನಲ್ಲಿದ್ದ ಐದು ಮೆದುಳುಗಳು ಹಾಳಾದದ್ದನ್ನು ಈ ಲೆಕ್ಕದಲ್ಲಿ ಹೇಗೆ ಬರೆಯುವುದೋ ತಿಳಿಯದು. ಅನುಮತಿ ಪತ್ರಕ್ಕಾಗಿ ಏಳು ತಿಂಗಳು ಓಡಾಡಿದ್ದೇನೆ. ಕಾಗದವಿಲ್ಲದೆ ಸತ್ತ ನವಿಲಿನ ಯಾವ ಭಾಗವನ್ನೂ ಪ್ರಯೋಗಶಾಲೆಗೆ ತರಬಾರದು, ಹೊಸದಾಗಿ ಶುರುಮಾಡುವವರು ಕಾಗದದಿಂದಲೇ ಶುರುಮಾಡಬೇಕು.

ತಾಳೆ ನೋಡಿದ ಬಗೆ ಹೀಗೆ. ಏಳು ಮಾದರಿಗಳ ನಳಿಕೆಗಳಿಗೆ ರಸಾಯನಶಾಸ್ತ್ರದ ಸಹೋದ್ಯೋಗಿ ತಮ್ಮದೇ ಸಂಕೇತ ಹಾಕಿ, ಪಟ್ಟಿಯನ್ನು ತಮ್ಮ ಕಪಾಟಿನಲ್ಲಿ ಬೀಗ ಹಾಕಿ ಇಟ್ಟರು. ಅವೇ ಹಕ್ಕಿಗಳ ಗಂಟಲಚೀಲದ ಕಾಳು ಮತ್ತು ತೌಡನ್ನು ಹೊರಗೆ ಕಳುಹಿಸಿದರು. ನಾನು ಮೂರಕ್ಕೆ ಕಾರ್ಬಮೇಟ್, ಎರಡಕ್ಕೆ ಆರ್ಗನೋಫಾಸ್ಫೇಟ್, ಒಂದಕ್ಕೆ ಎರಡೂ ಅಲ್ಲ, ಒಂದಕ್ಕೆ ಮಾದರಿ ಕೊಳೆತಿದೆ ಎಂದು ಬರೆದುಕೊಟ್ಟೆ. ವರದಿಗಳೆಲ್ಲ ಬಂದ ಮೇಲೆ ಕಪಾಟು ತೆರೆದೆವು. ಆರು ಕೂಡಿಬಂದವು. ತಪ್ಪಿದ್ದು ಕೊಳೆತಿದೆ ಎಂದು ನಾನು ಬದಿಗಿಟ್ಟ ಬೆಳವ, ಅದರಲ್ಲಿ ಮೊನೋಕ್ರೋಟೋಫಾಸ್ ಇತ್ತು.

ಆ ತಪ್ಪು ನನಗೆ ಉಳಿದ ಆರಕ್ಕಿಂತ ಹೆಚ್ಚು ಕಲಿಸಿತು. ಬ್ಯಾಡಗಿಯ ಕಡೆಯ ಮೆಣಸಿನಕಾಯಿ ಹೊಲದಲ್ಲಿ ಎರಡು ದಿನ ಬಿದ್ದಿದ್ದ ಹಕ್ಕಿ ಅದು. ಕಿಣ್ವದ ಚಟುವಟಿಕೆ ಸಹಜದ 15 ಪ್ರತಿಶತದಷ್ಟಿತ್ತು, ಬೆಚ್ಚಗಿಟ್ಟರೂ ಏಳಲಿಲ್ಲ, ಪ್ಯಾಮ್ ಹಾಕಿದರೂ ಏಳಲಿಲ್ಲ. ಆರ್ಗನೋಫಾಸ್ಫೇಟ್ ಅಂಟಿದ ಕಿಣ್ವ ಕಾಲ ಕಳೆದಂತೆ ಹಣ್ಣಾಗಿ, ಪ್ಯಾಮ್‌ಗೂ ಬಗ್ಗದಂತಾಗುತ್ತದೆ. ಮೊನೋಕ್ರೋಟೋಫಾಸ್‌ನಂತಹ ಡೈಮೀಥೈಲ್ ಜಾತಿಯವುಗಳಲ್ಲಿ ಇದು ಕೆಲವೇ ಗಂಟೆಗಳ ಮಾತು, ಫೋರೇಟ್‌ನಂತಹ ಡೈಈಥೈಲ್‌ಗಳಲ್ಲಿ ಒಂದು ದಿನವನ್ನೂ ಮೀರಿ ಸಮಯ ಸಿಗುತ್ತದೆ. ಈಗ ಹೀಗೆ ಎರಡಕ್ಕೂ ಏಳದ ಮಾದರಿ ಸಿಕ್ಕರೆ, ಮೊದಲು ಆ ಹೊಲದ ತಾಪಮಾನ ಮತ್ತು ಹೆಣ ಬಿದ್ದ ಗಂಟೆಗಳನ್ನು ಕೋಳಿ ತಲೆಗಳ ಕೋಷ್ಟಕಕ್ಕೆ ಹಿಡಿದು ನೋಡುತ್ತೇನೆ. ಕೊಳೆತದ್ದರಿಂದ ಅಷ್ಟು ಕುಸಿಯುವುದು ಸಾಧ್ಯವಿಲ್ಲದಿದ್ದರೆ ಹಣ್ಣಾದ ಆರ್ಗನೋಫಾಸ್ಫೇಟ್ ಎಂದು ಬರೆಯುತ್ತೇನೆ. ಬೇಸರದಿಂದ ಮಾಡಿದ ಕೋಳಿ ತಲೆಗಳ ಪ್ರಯೋಗ ಹೀಗೆ ಮೂರು ವರ್ಷಗಳ ನಂತರ ಕೈಹಿಡಿಯಿತು. ಕಾರ್ಬಮೇಟ್‌ಗೆ ಇದರ ವಿರುದ್ಧ ಕಷ್ಟವಿದೆ: ಅದು ಹೊಲದ ಶಾಖದಲ್ಲೇ ತಾನಾಗಿ ಬಿಟ್ಟುಹೋಗಿ, ತಡವಾಗಿ ಬಂದ ಮೆದುಳು ಏನೂ ಆಗಿಲ್ಲವೆಂಬಂತೆ ತೋರಬಹುದು. ಅದಕ್ಕೇ ಐಸ್, ಅದಕ್ಕೇ ಅವಸರ.

ಹಾನಗಲ್ಲಿನ ಬೆಳ್ಳಕ್ಕಿಗಳ ಪ್ರಕರಣದಲ್ಲಿ ಎಲ್ಲವೂ ಪುಸ್ತಕದಲ್ಲಿರುವಂತೆ ನಡೆಯಿತು. ಟ್ರ್ಯಾಕ್ಟರಿನ ಹಿಂದೆ ಮಣ್ಣು ಹೊರಳಿದಲ್ಲೆಲ್ಲ ಹುಳು ಹೆಕ್ಕುತ್ತಿದ್ದ ಏಳು ಬೆಳ್ಳಕ್ಕಿಗಳು ಅದೇ ಸಾಲುಗಳಲ್ಲಿ ಬಿದ್ದಿದ್ದವು. ಬೆಚ್ಚಗಿಟ್ಟಾಗ ಅಂಕಿ ಕದಲಲಿಲ್ಲ, ಪ್ಯಾಮ್ ಹಾಕಿದಾಗ ಎರಡು ಪಟ್ಟಾಯಿತು. ವರದಿಯಲ್ಲಿ ಫೋರೇಟ್ ಮತ್ತು ಅದರ ಸಲ್ಫಾಕ್ಸೈಡ್ ಇದ್ದವು. ಫೋರೇಟ್‌ಗೆ 2020ರ ಡಿಸೆಂಬರ್ 31ರಿಂದ ದೇಶದಲ್ಲಿ ನಿಷೇಧವಿದೆ, ಆದರೆ ಆ ಮನೆಯ ಅಟ್ಟದ ಮೇಲೆ ಹಳೆಯ ಚೀಲ ಉಳಿದಿತ್ತು. ಹರಳುಗಳು ನೋಡಲು ಗೊಬ್ಬರದಂತೆಯೇ ಇರುತ್ತವೆ, ಮನೆಯ ಹಿರಿಯರಿಗೆ ಅದರ ಹೆಸರೂ ಗೊತ್ತಿರಲಿಲ್ಲ.

ಈ ವಿಧಾನ ಕಾಣದ ವಿಷಗಳೂ ಇವೆ, ಅವನ್ನು ಮುಚ್ಚಿಡುವುದು ಸರಿಯಲ್ಲ. ಗುಲಾಬಿ ಬಣ್ಣ ಬಳಿದ ಬೀಜಗಳು ಗಂಟಲಚೀಲದ ತುಂಬ ಇದ್ದ ಒಂದು ನವಿಲಿನ ಮೆದುಳು ಸಂಪೂರ್ಣ ಸಹಜವಾಗಿ ಓದಿತು. ಎರಡೂ ಅಲ್ಲ ಎಂದು ನಾನು ಬರೆದ ಮಾದರಿ ಅದೇ. ಬೀಜೋಪಚಾರಕ್ಕೆ ಬಳಸುವ ಇಮಿಡಾಕ್ಲೋಪ್ರಿಡ್ ಕೋಲಿನೆಸ್ಟರೇಸ್ ಅನ್ನು ಮುಟ್ಟುವುದೇ ಇಲ್ಲ, ನೇರವಾಗಿ ನರದ ಗ್ರಾಹಕದ ಮೇಲೆ ಕೂರುತ್ತದೆ. ಅಂತಹ ಹಕ್ಕಿಗೆ ನನ್ನ ಬಳಿ ಪರೀಕ್ಷೆ ಇಲ್ಲ, ಬೀಜಗಳನ್ನು ಎಣಿಸಿ ತೂಗಿ ಇಡುತ್ತೇನೆ ಅಷ್ಟೇ. ಇಲಿ ಪಾಷಾಣಕ್ಕೆ ಮಾತ್ರ ಒಂದು ಹಳೆಯ ಉಪಾಯ ಹಿಡಿದೆ. ಜಿಂಕ್ ಫಾಸ್ಫೈಡ್ ತಿಂದ ಹಕ್ಕಿಯ ಜಠರದ ಪದಾರ್ಥಕ್ಕೆ ಆಮ್ಲ ಹಾಕಿ ಸೀಸೆಯ ಬಾಯಿಗೆ ಸಿಲ್ವರ್ ನೈಟ್ರೇಟ್ ಕಾಗದ ಇಟ್ಟರೆ ಫಾಸ್ಫೀನ್ ಅದನ್ನು ಕಪ್ಪಾಗಿಸುತ್ತದೆ. ಕೊಳೆತ ಮಾಂಸದ ಹೈಡ್ರೋಜನ್ ಸಲ್ಫೈಡ್ ಕೂಡ ಕಪ್ಪಾಗಿಸುವುದರಿಂದ ಪಕ್ಕದಲ್ಲಿ ಲೆಡ್ ಅಸಿಟೇಟ್ ಕಾಗದವನ್ನೂ ಇಡಬೇಕು. ಮೊದಲನೆಯದು ಕಪ್ಪಾಗಿ ಎರಡನೆಯದು ಬಿಳಿಯಾಗಿ ಉಳಿದರೆ ಇಲಿ ಪಾಷಾಣ. ಕಿಟಕಿ ತೆರೆದು, ಫ್ಯಾನ್ ಹಾಕಿ, ಕೆಲವೇ ಗ್ರಾಂ ತೆಗೆದುಕೊಂಡು ಮಾಡಬೇಕು. ಇದುವರೆಗೆ ಎರಡು ಗೊರವಂಕಗಳಲ್ಲಿ ಮತ್ತು ಒಂದು ಕಾಗೆಯಲ್ಲಿ ಹೀಗೆ ಸಿಕ್ಕಿದೆ.

2023ರ ವರದಿ ಕೈಗೆ ಬಂದ ವಾರ ಅದನ್ನು ಹಿಡಿದುಕೊಂಡು, 2019ರಲ್ಲಿ ಬದುವಿನ ಮೇಲೆ ಕುಳಿತಿದ್ದ ಆ ರೈತರ ಮನೆಗೆ ಹೋದೆ. ಅವರ ಹೊಲದ ನವಿಲುಗಳ ಮೆದುಳು ನನ್ನ ಬಳಿ ಇರಲಿಲ್ಲ, ಆದ್ದರಿಂದ ಅವರ ಹೊಲದಲ್ಲಿ ಆದದ್ದು ಇದೇ ಎಂದು ನಾನು ಹೇಳಲಿಲ್ಲ. ಪಕ್ಕದ ಊರಿನಲ್ಲಿ ಏನಾಗಿದೆ ಎಂದಷ್ಟೇ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ಉಂಡಿ ಸುಳ್ಯಾಗ ಹಾಕಂತ ಹೇಳಿದ್ರರೀ, ಆಳು ಸಿಗಲಿಲ್ಲಂತ ನಾವು ಸಾಲ್ನಾಗ ಚೆಲ್ಲಿದ್ವಿ" ಎಂದರು. ನಾಲ್ಕು ವರ್ಷಗಳ ಕೆಲಸದಲ್ಲಿ ನನಗೆ ಸಿಕ್ಕ ಅತಿ ಬೆಲೆಯುಳ್ಳ ಮಾಹಿತಿ ಆ ಒಂದು ಮಾತು. ಆ ಮೇಲೆ ಹೋದ ಎಲ್ಲ ಹೊಲಗಳಲ್ಲೂ ಇದನ್ನೇ ಮೊದಲು ಕೇಳಿದೆ. ಹಕ್ಕಿ ಸತ್ತ ಒಂಬತ್ತು ಹೊಲಗಳಲ್ಲಿ ಏಳರಲ್ಲಿ ಪಾಷಾಣವನ್ನು ನೆಲಕ್ಕೆ ಚೆಲ್ಲಲಾಗಿತ್ತು. ಸುಳಿಯೊಳಗೆ ಸಂಜೆ ಹಾಕಿದ ಹೊಲಗಳಲ್ಲಿ ನಾನು ಕಂಡದ್ದು ಒಂದೇ ಬೆಳವ. ಸಣ್ಣ ಅಂಕಿಗಳು ಇವು, ಆದರೆ ಕೃಷಿ ಅಧಿಕಾರಿಗಳ ಮುಂದೆ ಇಟ್ಟಾಗ ಅವರು ಕೇಳಿಸಿಕೊಂಡರು, ಮುಂದಿನ ಹಂಗಾಮಿನ ತರಬೇತಿಯಲ್ಲಿ ಸುಳಿಯೊಳಗೆ ಹಾಕುವುದನ್ನು ಕೈಯಾರೆ ಮಾಡಿ ತೋರಿಸಿದರು.

ಕಳೆದ ಆಗಸ್ಟ್‌ನಲ್ಲಿ ಅದೇ ರೈತರು ಅರಣ್ಯ ರಕ್ಷಕರಿಗೆ ಫೋನ್ ಮಾಡಿ, ಹಿತ್ತಲಲ್ಲಿ ಬೆಳವ ಸತ್ತಿದೆ, ಐಸ್ ಮೇಲೆ ಇಟ್ಟಿದ್ದೇನೆ ಬನ್ನಿ ಎಂದರಂತೆ. ಹಕ್ಕಿ ಬಿದ್ದು ನಾಲ್ಕು ಗಂಟೆಯೊಳಗೆ ಅದರ ಮೆದುಳು ನನ್ನ ಮೇಜಿನ ಮೇಲಿತ್ತು. ಕ್ಯೂವೆಟ್ಟಿನಲ್ಲಿ ಹಳದಿ ಸಲೀಸಾಗಿ ಏರಿತು, ಬೆಚ್ಚಗಿಟ್ಟಾಗಲೂ ಪ್ಯಾಮ್ ಹಾಕಿದಾಗಲೂ ಅಂಕಿ ಅಲ್ಲೇ ನಿಂತಿತು. ಗರಿ ಸರಿಸಿ ನೋಡಿದರೆ ಎಡ ರೆಕ್ಕೆಯ ಬುಡದಲ್ಲಿ ಬೆಕ್ಕಿನ ಹಲ್ಲಿನ ಎರಡು ಗುರುತುಗಳಿದ್ದವು. ಬೆಳವಗಳ ಪಟ್ಟಿಯಲ್ಲಿ ಅದನ್ನು ಮೂರನೆಯ ಸಹಜ ಮಾದರಿಯಾಗಿ ಬರೆದುಕೊಂಡೆ.